ಉದ್ದ ಗೋರಿ, ಚೌಕ ಗುಂಡಿ

ಹಳೆ ಪೇಪರಿನ ಮೇಲೆ ಹರಡಿದ್ದ ಮಣ್ಣು ಒಣಗಿತ್ತು. ರಶ್ಮಿ ಅದರೊಳಗಿನ ಬೇರಿನ ಚೂರು, ಸತ್ತ ಇರುವೆ, ಸಣ್ಣ ಕಲ್ಲುಗಳನ್ನು ಅಕ್ಕಿ ಆರಿಸುವವಳಂತೆ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಳು.

"ಇನ್ನೂ ಎಂತ ಮಾಡ್ತಾ ಕೂತಿದ್ದಿ ಮಾರಾಯ್ತಿ?" ವಕೀಲ ದತ್ತಮೂರ್ತಿ ಒಳಕೋಣೆಯಿಂದಲೇ ಕೂಗಿದರು. "ಕವರಿಗೆ ತುಂಬು, ಅಂಟಿಸು, ಕೊರಿಯರ್‌ಗೆ ಕೊಡು. ಕೇಸು ಮುಗೀತು."

"ಮಣ್ಣು ಅಂದ್ರೆ ಕೊರಿಯರ್‌ನೋರು ತಗೊಳ್ತಾರಾ ಸರ್?"

"ಕಾಫಿಪುಡಿ ಅಂತ ಬರಿ. ಕೊಪ್ಪದಿಂದ ಇನ್ನೆಂತ ಹೋಗತ್ತೆ ಫಾರಿನ್ನಿಗೆ?" ತಮ್ಮ ಮಾತಿಗೆ ತಾವೇ ನಕ್ಕು ಅವರು ಕಪ್ಪು ಕೋಟನ್ನು ಮಡಚಿ ಕೈಮೇಲೆ ಹಾಕಿಕೊಂಡು ಹೊರಬಂದರು. "ನಾನು ದಿನಪೂರ್ತಿ ಕೋರ್ಟಲ್ಲಿರ್ತೇನೆ. ಕಾರು ಬೇರೆ ಗ್ಯಾರೇಜಲ್ಲಿದೆ, ನಡ್ಕೊಂಡೇ ಹೋಗಬೇಕು. ಸಂಜೆ ಬರೋದ್ರೊಳಗೆ ಇದು ನನ್ನ ಟೇಬಲ್ ಹತ್ರ ಇರಬಾರದು."

ಅವರು ಮೆಟ್ಟಿಲಿಳಿದರು. ಚಪ್ಪಲಿಯ ಸದ್ದು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕರಗಿತು.

ಮಣ್ಣು ಹೋಗಬೇಕಾಗಿದ್ದದ್ದು ಇಂಗ್ಲೆಂಡಿನ ಲೀಡ್ಸ್‌ಗೆ, ಎಡಿತ್ ಹಾರ್ಟ್‌ನೆಲ್ ಎಂಬ ಎಂಬತ್ತಮೂರು ವರ್ಷದ ಮುದುಕಿಗೆ. ಒಂಬತ್ತನೇ ವಯಸ್ಸಿನಲ್ಲಿ ಕಳೆದುಹೋದ ಅಣ್ಣ ವಿಲಿಯಂ ಕೊನೆಗೆ ಏನಾದ ಎಂದು ಹುಡುಕಿಕೊಡಿ, ಸತ್ತಿದ್ದರೆ ಅವನ ಗೋರಿಯ ಒಂದು ಹಿಡಿ ಮಣ್ಣು ಕಳಿಸಿ, ನನ್ನ ಶವಪೆಟ್ಟಿಗೆಯೊಳಗೆ ಇಡಿಸಿಕೊಳ್ಳುತ್ತೇನೆ ಎಂದು ಆಕೆ ಕೇಳಿದ್ದಳು. ಡಾಕ್ಟರು ಆಕೆಗೆ ಕ್ರಿಸ್‌ಮಸ್ ಕಾಣುವ ಭರವಸೆ ಕೊಟ್ಟಿರಲಿಲ್ಲ. ಅಣ್ಣ ಬದುಕಿದ್ದರೆ ಅವನ ಕೈಗೆ ಕೊಡಿ ಎಂದು ಆಕೆ ಕಳಿಸಿದ್ದ ಹಣ ದತ್ತಮೂರ್ತಿಯವರ ಖಾತೆಯಲ್ಲೇ ಇತ್ತು.

ಕಳೆದುಹೋದ ಅನ್ನುವುದೂ ಸರಿಯಲ್ಲ. ಕಳಿಸಿದ್ದರು. ಬಡವರ ಮಕ್ಕಳನ್ನು ಆಶ್ರಮಗಳಿಂದ ಆರಿಸಿ, ಹಡಗು ಹತ್ತಿಸಿ, ಆಸ್ಟ್ರೇಲಿಯಾದ ಹೊಲಗಳಿಗೆ ಆಳುಗಳಾಗಿ ಕಳಿಸುತ್ತಿದ್ದ ಕಾಲ ಅದು. ತಾಯಿ ಕಾಯಿಲೆ ಬಿದ್ದಳೆಂದು ಆರು ತಿಂಗಳ ಮಟ್ಟಿಗೆ ಆಶ್ರಮಕ್ಕೆ ಬಿಟ್ಟಿದ್ದ ಹುಡುಗ ವಿಲಿಯಂ. ಅವಳು ಗುಣವಾಗಿ ಕರೆದುಕೊಂಡು ಹೋಗಲು ಬಂದಾಗ ಅವನ ಹಾಸಿಗೆಯಲ್ಲಿ ಬೇರೆ ಹುಡುಗ ಮಲಗಿದ್ದ. ಅಲ್ಲಿಂದ ಮುಂದೆ ಅವನು ಬರೀ ದಾಖಲೆಗಳಲ್ಲಿದ್ದ. ಹಡಗಿನ ಪಟ್ಟಿಯಲ್ಲಿ ಒಂದು ಸಾಲು, ಹೊಲದ ಶಾಲೆಯ ಹಾಜರಿಯಲ್ಲಿ ಒಂದು ಸಾಲು. ಹದಿನೇಳನೇ ವಯಸ್ಸಿನಲ್ಲಿ ಸೈನ್ಯಕ್ಕೆ ಕುದುರೆ ಸಾಗಿಸುವ ಹಡಗಿನಲ್ಲಿ ಕುದುರೆ ನೋಡಿಕೊಳ್ಳುವವನಾಗಿ ಮದ್ರಾಸಿನಲ್ಲಿ ಇಳಿದ. ಆಮೇಲೆ ನರಸಿಂಹರಾಜಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಸಂಬಳದ ಪಟ್ಟಿ. ಅದರ ನಂತರ ಇದ್ದದ್ದು ಎಸ್ಟೇಟಿನ ಸಣ್ಣ ಸ್ಮಶಾನದಲ್ಲಿ ಒಂದು ಕಲ್ಲು. ವಿಲಿಯಂ ಹಾರ್ಟ್‌ನೆಲ್, 1943.

ಆ ಕಲ್ಲನ್ನು ಹುಡುಕಿದವಳು ರಶ್ಮಿ. ಹದಿನೈದು ದಿನದ ಹಿಂದೆ ಅದರ ಫೋಟೋ ತೆಗೆದು ಕೊಪ್ಪದ ಸ್ಟುಡಿಯೋದಲ್ಲಿ ಎರಡು ಪ್ರತಿ ಹಾಕಿಸಿದ್ದಳು. ದತ್ತಮೂರ್ತಿಯವರು ತಮ್ಮದನ್ನು ಕಳೆದುಕೊಂಡು ಅವಳ ಫೈಲಿನಿಂದ ಎತ್ತಿಕೊಳ್ಳುವ ಆಸಾಮಿಯಾದ್ದರಿಂದ ಒಂದರ ಹಿಂದೆ ಹಸಿರು ಪೆನ್ನಿನಲ್ಲಿ 'ಸರ್ ಪ್ರತಿ' ಎಂದು ಬರೆದು ಕೊಟ್ಟಿದ್ದಳು. ಇನ್ನೊಂದು ಅವಳ ಬ್ಯಾಗಿನಲ್ಲಿತ್ತು.

ಶನಿವಾರ ಮತ್ತೆ ಹೋಗಿ ಮಣ್ಣು ತಂದಿದ್ದಳು. ಅದೇ ಸಂಜೆ ಎಡಿತ್ ಫೋನಿನಲ್ಲಿ ಸಿಕ್ಕಿದ್ದಳು. ಅತ್ತಿರಲಿಲ್ಲ. ಮಣ್ಣಿನ ಬಣ್ಣ ಯಾವುದು ಎಂದು ಮಾತ್ರ ಕೇಳಿದ್ದಳು. ಕೆಂಪು ಎಂದಿದ್ದಳು ರಶ್ಮಿ.

ಈಗ ಆ ಕೆಂಪಿನೊಳಗೆ ಏನೋ ಬೆಳ್ಳಗೆ ಕಂಡಿತು.

ಅಡಿಕೆಯಷ್ಟು ಗಾತ್ರದ ಉಂಡೆ. ಸುಣ್ಣದ ಕಲ್ಲೆಂದು ಪಕ್ಕಕ್ಕೆ ಹಾಕಿದಳು. ಇನ್ನೊಂದು ಸಿಕ್ಕಿತು. ಅದಕ್ಕೆ ಒಂದು ಮಗ್ಗುಲು ನೇರವಾಗಿತ್ತು, ಅಚ್ಚಿನಲ್ಲಿ ಒತ್ತಿ ತೆಗೆದಂತೆ. ನೀರಿನ ಲೋಟದಲ್ಲಿ ಬೆರಳದ್ದಿ ಅದರ ಮೇಲೆ ಉಜ್ಜಿದಳು. ನುಣ್ಣಗೆ ಕರಗಿ ಬೆರಳಿಗೆ ಬೂದಿ ಬಣ್ಣ ಹತ್ತಿತು. ಯೋಚನೆ ಬರುವ ಮೊದಲೇ ಮೂರು ಬೆರಳು ಹಣೆಯ ಕಡೆ ಹೊರಟಿದ್ದವು. ಹುಟ್ಟಿದಾಗಿನಿಂದ ಆ ಕೈಗೆ ಗೊತ್ತಿದ್ದ ಕೆಲಸ ಅದು.

ವಿಭೂತಿ.

ಅವಳು ಮೊಬೈಲ್ ತೆಗೆದು ಬಾಳೆಹೊನ್ನೂರಿನ ಹತ್ತಿರದ ತನ್ನ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ತಾಯಿ ಯಮುನಮ್ಮ.

"ಅಮ್ಮ, ಅಜ್ಜನ್ನ ಮಣ್ಣು ಮಾಡಿದಾಗ ಗುಂಡಿಗೆ ಏನೇನು ಹಾಕಿದ್ರು?"

"ಸೋಮವಾರ ಬೆಳಿಗ್ಗೆ ಕೇಳೋ ಮಾತಾ ಇದು? ಯಾರು ಹೋದ್ರೇ?"

"ಯಾರೂ ಹೋಗಿಲ್ಲ. ಹೇಳಮ್ಮ."

"ಇನ್ನೇನು ಹಾಕ್ತಾರೆ? ಪತ್ರೆ, ಉಪ್ಪು, ವಿಭೂತಿ. ವಿಭೂತಿ ಗಟ್ಟಿ ಬುಟ್ಟಿಗಟ್ಟಲೆ. ಕೂರಿಸಿದ ಮೇಲೆ ಕುತ್ತಿಗೆ ಮಟ್ಟ ತುಂಬ್ತಾರೆ. ನೀನು ಇಣುಕಿ ನೋಡಕ್ಕೆ ಹೋಗಿ ಬೈಸ್ಕೊಂಡಿದ್ದೆ, ನೆನಪಿಲ್ವಾ?"

"ಕಿರಿಸ್ತಾನರ ಗೋರೀಲಿ ಯಾರಾದ್ರೂ ವಿಭೂತಿ ಹಾಕ್ತಾರಾ?"

"ನಿಂಗೆ ಆ ವಕೀಲಿ ಸಾಕು, ಮನೆಗೆ ಬಾ," ಎಂದು ಯಮುನಮ್ಮ ಫೋನಿಟ್ಟಳು.

ರಶ್ಮಿ ಕವರನ್ನು ಅಂಟಿಸಲಿಲ್ಲ. ಮಣ್ಣನ್ನು ಪೇಪರಿನಲ್ಲೇ ಪೊಟ್ಟಣ ಕಟ್ಟಿ ಬ್ಯಾಗಿಗೆ ಹಾಕಿಕೊಂಡು ನರಸಿಂಹರಾಜಪುರದ ಬಸ್ಸು ಹತ್ತಿದಳು.

*

ಎರಡು ಸಲ ನೋಡಿದ್ದ ಗೋರಿಯೇ. ಆದರೆ ಎರಡು ಸಲವೂ ಅವಳು ನೋಡಿದ್ದು ಕಲ್ಲಿನ ಮೇಲಿನ ಹೆಸರನ್ನು. ಹೆಸರು ಸರಿಯಿತ್ತು, ವರ್ಷ ಸರಿಯಿತ್ತು, ಅಷ್ಟು ಸಾಕಾಗಿತ್ತು. ಈಗ ಕೆಳಗೆ ನೋಡಿದಳು.

ಸುತ್ತ ಜೋಡಿಸಿದ್ದ ಕಲ್ಲಂಚು ಉದ್ದಕ್ಕಿತ್ತು. ಮನುಷ್ಯ ಅಂಗಾತ ಮಲಗುವಷ್ಟು ಉದ್ದ, ಪಕ್ಕದ ಬಿಳಿಯರ ಗೋರಿಗಳಂತೆಯೇ. ಅವುಗಳ ಮಣ್ಣು ತಲೆಯಿಂದ ಕಾಲಿನವರೆಗೆ ಒಂದೇ ಸಮ ತಗ್ಗಾಗಿತ್ತು. ಇಲ್ಲಿ ತಲೆಯ ಕಡೆ ನೆಲ ಗಟ್ಟಿ, ಕಾಲಿನ ಕಡೆ ನೆಲ ಗಟ್ಟಿ. ನಡುವೆ ಮಾತ್ರ ಕುಸಿದಿತ್ತು. ಕುಸಿದ ಜಾಗ ಚೌಕ. ಆ ಚೌಕದ ಒಂದು ಮಗ್ಗುಲಲ್ಲಿ ನೆಲ ಇನ್ನೂ ಆಳಕ್ಕೆ ಒಳಸರಿದಿತ್ತು. ಅಲ್ಲೇ ಹಂದಿ ಕೆದಕಿತ್ತು, ಅಲ್ಲಿಂದಲೇ ಅವಳು ಮಣ್ಣು ಬಾಚಿದ್ದಳು.

ಅವಳ ಅಜ್ಜನ ಗುಂಡಿಯೂ ಹೀಗೇ ಇತ್ತು. ಚೌಕವಾಗಿ ತೋಡಿ, ಒಂದು ಗೋಡೆಯೊಳಗೆ ಗೂಡು ಕೊರೆದು, ಆ ಗೂಡಿನಲ್ಲಿ ಹೆಣವನ್ನು ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸಿದ್ದರು. ಲಿಂಗವಂತರ ಹೆಣ ಮಲಗುವುದಿಲ್ಲ.

ಅಂದರೆ ಯಾರೋ ಮೇಲೆ ಇಂಗ್ಲಿಷರ ಗೋರಿ ಕಟ್ಟಿದ್ದರು. ಕೆಳಗೆ ತೋಡುವಾಗ ಮಾತ್ರ ಕೈಗೆ ಬಂದ ಹಾಗೆ ತೋಡಿದ್ದರು. ಬೇರೆ ಥರ ತೋಡಬಹುದು ಎಂದು ಅವರಿಗೆ ಹೊಳೆದೇ ಇರಲಿಕ್ಕಿಲ್ಲ.

ಯಾರು? ಎಸ್ಟೇಟಿನ ದೊರೆಗಳಿಗೆ ಈ ಶಾಸ್ತ್ರ ಗೊತ್ತಿಲ್ಲ. ಚರ್ಚಿನವರು ವಿಭೂತಿ ಮುಟ್ಟುವುದಿಲ್ಲ. ವಿಲಿಯಂ ತಾನೇ ಲಿಂಗ ಕಟ್ಟಿಸಿಕೊಂಡಿದ್ದನೇ? ಹಾಗಾಗಿದ್ದರೆ ಕೂರಿಸಿದವರು ತಮ್ಮವರ ಸಾಲಿನಲ್ಲೇ ಕೂರಿಸುತ್ತಿದ್ದರು, ಇಲ್ಲಿಗೆ ತಂದು ಮುಚ್ಚಿಡುತ್ತಿರಲಿಲ್ಲ.

ತಲೆಗಲ್ಲಿನ ಹಿಂದೆ ದೊಡ್ಡ ಬಿಲ್ವದ ಮರ. ಕೆಳಗಿನ ರೆಂಬೆಯಲ್ಲಿ ಈಗಷ್ಟೇ ಕಿತ್ತ ತೊಟ್ಟುಗಳಿಂದ ರಸ ಒಸರುತ್ತಿತ್ತು.

"ಯಾರು ಕಿತ್ಕೊಂಡು ಹೋದ್ರು?" ಎಂದು ಗೇಟಿನ ಹತ್ತಿರ ಬೀಡಿ ಹಚ್ಚುತ್ತಿದ್ದ ಕಾವಲಿನ ಹೂವಪ್ಪನನ್ನು ಕೇಳಿದಳು.

"ಹಿಟ್ಟಿನ ಗಿರಣಿ ವೃಷಭೇಂದ್ರಪ್ಪ. ಸೋಮವಾರ ತಪ್ಪಿಸಲ್ಲ. ಅವರಮ್ಮಂಗೆ ಪೂಜೆಗೆ ಇದೇ ಮರದ್ದೇ ಆಗಬೇಕಂತೆ."

"ಪೇಟೇಲಿ ಪತ್ರೆ ಮರ ಇಲ್ವಾ?"

"ಅವರ ಮನೆ ಎದುರಿಗೇ ಐತೆ. ದೊಡ್ಡೋರ ಮನೆ ಹುಚ್ಚು ತಾಯಿ, ನಾವ್ಯಾಕೆ ಕೇಳೋದು?"

*

ಗಿರಣಿಯ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ವೃಷಭೇಂದ್ರಪ್ಪನವರ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು. ಅರವತ್ತೈದರ ಗಟ್ಟಿ ಆಳು.

"ಏನವ್ವ, ಗೋಧಿಯಾ, ರಾಗಿಯಾ?"

"ಬೀಸಕ್ಕೆ ಏನೂ ತಂದಿಲ್ಲ. ನಾನು ಕೊಪ್ಪದಲ್ಲಿ ದತ್ತಮೂರ್ತಿ ವಕೀಲರ ಜೂನಿಯರ್ರು, ರಶ್ಮಿ. ಒಂದು ವಿಷಯ ಕೇಳಬೇಕಿತ್ತು."

ರಾಗಿ ಡಬ್ಬ ಹಿಡಿದು ನಿಂತಿದ್ದ ಯಲ್ಲಕ್ಕ ಎಂಬ ಹೆಂಗಸು ಮುಂದೆ ನುಗ್ಗಿದಳು. "ಮೊದ್ಲು ನಂದು ಬೀಸಪ್ಪ. ಲಾಯರ್ರು ಬಾಯಿ ತೆಗೆದ್ರೆ ನನ್ನ ಮುದ್ದೆ ನಾಳೆಗೇ."

ಯಲ್ಲಕ್ಕನ ರಾಗಿ ಮುಗಿಯುವವರೆಗೂ ರಶ್ಮಿ ಬೆಂಚಿನ ಮೇಲೆ ಕಾದಳು. ಆಮೇಲೆ ಎದ್ದು ತೂಕದ ತಟ್ಟೆಯಲ್ಲಿ ಆ ಬಿಳಿ ಉಂಡೆ ಇಟ್ಟಳು.

ವೃಷಭೇಂದ್ರಪ್ಪ ಎತ್ತಿ ಮೂಸಿದರು. "ವಿಭೂತಿ. ಹಳೇದು. ಅದಕ್ಕೇನೀಗ?"

"ಎಸ್ಟೇಟಿನ ಸ್ಮಶಾನದಲ್ಲಿ ವಿಲಿಯಂ ದೊರೆ ಗೋರಿ ಇದೆಯಲ್ಲ, ನೀವು ಪತ್ರೆ ಕೀಳ್ತೀರಲ್ಲ, ಅದರ ಮಣ್ಣಲ್ಲಿ ಸಿಕ್ತು."

"ಪತ್ರೆ ಕೀಳೋದು ಅಪರಾಧನಾ?"

"ಅಲ್ಲ. ಆ ಗೋರಿ ನಡುವೆ ಕುಸಿದಿದೆ, ಚೌಕವಾಗಿ, ಒಂದು ಮಗ್ಗುಲಿಗೆ ಗೂಡಿದ್ದ ಹಾಗೆ. ಒಳಗಿರೋರು ಮಲಗಿಲ್ಲ, ಕೂತಿದ್ದಾರೆ. ನಾನೂ ನಿಮ್ಮ ಜನಾನೇ. ನಿಮಗೆ ಬಿಡಿಸಿ ಹೇಳಬೇಕಾ?"

ಅವರು ಹೋಗಿ ಸ್ವಿಚ್ಚು ಆರಿಸಿದರು. ಬೆಲ್ಟು ನಾಲ್ಕು ಸುತ್ತು ತಿರುಗಿ ನಿಂತಿತು. ಗಿರಣಿ ನಿಂತಾಗ ಆ ಬೀದಿಗೆ ಎಷ್ಟು ಮೌನ ಬರುತ್ತದೆ ಎಂದು ರಶ್ಮಿಗೆ ಆಗ ಗೊತ್ತಾಯಿತು.

"ನೋಡು ತಾಯಿ," ಎಂದರು ವೃಷಭೇಂದ್ರಪ್ಪ. ಸಿಟ್ಟು ಬಂದಿತ್ತು, ದನಿ ಏರಲಿಲ್ಲ. "ಆ ದೊರೆಗೂ ನಮಗೂ ಏನೂ ಸಂಬಂಧ ಇಲ್ಲ. ನಮ್ಮಪ್ಪ ಅದೇ ಎಸ್ಟೇಟಲ್ಲಿ ಮೇಸ್ತ್ರಿ ಆಗಿದ್ರು, ಅಷ್ಟೇ."

"ಅವರ ಹೆಸರು?"

"ರೇಣುಕಪ್ಪ."

"ಅವರನ್ನ ಕೂರಿಸಿದ ಗದ್ದುಗೆ ಎಲ್ಲಿದೆ?"

"ಗದ್ದುಗೆ ಇಲ್ಲ. ಕಾಶಿಗೆ ಹೋದೋರು ವಾಪಸ್ ಬರಲಿಲ್ಲ. ಊರಿಗೆಲ್ಲ ಗೊತ್ತಿರೋ ವಿಷಯ. ನಾನು ಎರಡು ವರ್ಷದ ಕೂಸು ಆಗ."

"ನೀವು ಹುಟ್ಟಿದ್ದು?"

"ನಲವತ್ತೊಂದು."

ರಶ್ಮಿ ಬ್ಯಾಗಿನಿಂದ ಗೋರಿಯ ಫೋಟೋ ತೆಗೆದು ವಿಭೂತಿಯ ಪಕ್ಕದಲ್ಲಿಟ್ಟಳು. ಕಲ್ಲಿನ ಮೇಲೆ ವರ್ಷ ಸ್ಪಷ್ಟವಾಗಿತ್ತು.

ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ತುಂಬಾ ಹೊತ್ತು ನೋಡಿದರು. ಆ ಕಲ್ಲಿನ ಹಿಂದೆ ನಿಂತು ಎಷ್ಟೋ ವರ್ಷದಿಂದ ಪತ್ರೆ ಕಿತ್ತವರು ಅವರು. ಮುಂದೆ ಬಂದು ಓದಿದ್ದು ಬಹುಶಃ ಇದೇ ಮೊದಲು.

"ಆ ವರ್ಷ ಮಲೇರಿಯಾಕ್ಕೆ ಊರಲ್ಲಿ ಎಷ್ಟೋ ಜನ ಹೋದ್ರಂತೆ," ಎಂದರು ಕೊನೆಗೆ. "ವರ್ಷ ಒಂದೇ ಆದ ಮಾತ್ರಕ್ಕೆ..."

"ಇಂಗ್ಲೆಂಡಲ್ಲಿ ಒಬ್ಬಳು ಮುದುಕಿ ಸಾಯ್ತಾ ಇದ್ದಾಳೆ. ಅಣ್ಣನ ಮಣ್ಣು ಅಂತ ಇದನ್ನ ಪೆಟ್ಟಿಗೇಲಿ ಇಟ್ಕೊಂಡು ಹೋಗ್ತಾಳೆ. ಇದು ಅವಳ ಅಣ್ಣಂದಲ್ಲ ಅಂತಾದ್ರೆ ನಾನು ಕಳಿಸಬಾರದು. ನಿಮ್ಮ ತಂದೇದಾದ್ರೆ ನೀವು ನನಗೆ ಬಿಡಬಾರದು."

"ನಮ್ಮಪ್ಪ ಕಾಶಿಗೆ ಹೋದ್ರು!" ಈಗ ದನಿ ಏರಿತು. "ನಮ್ಮವ್ವ ಇವತ್ತಿಗೂ ಕುಂಕುಮ ಇಡ್ತಾಳೆ ಗೊತ್ತಾ ನಿಂಗೆ? ಹಸಿರು ಬಳೆ ತೊಡ್ತಾಳೆ. ಅದನ್ನ ಸುಳ್ಳು ಅಂತ ಹೇಳಕ್ಕೆ ಬಂದ್ಯಾ?"

ಗಿರಣಿಯ ಹಿಂಬಾಗಿಲಿನ ಆಚೆ ಮನೆ. ಅಲ್ಲಿಂದ ಒಂದು ತೆಳ್ಳನೆಯ, ಅವಸರವಿಲ್ಲದ ದನಿ ಬಂತು.

"ವೃಷಭಾ, ಕೂಗಾಡಬೇಡ. ಆ ಹುಡುಗೀನ ಒಳಗೆ ಕರ್ಕೊಂಡು ಬಾ. ಮಿಷನ್ ನಿಂತಿದೆ, ಬೀದಿಗೆಲ್ಲ ಕೇಳತ್ತೆ."

*

ವೃಷಭೇಂದ್ರಪ್ಪನವರ ತಾಯಿ ವೀರಬಸಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಪೂಜೆಗೆ ಹೆಚ್ಚಾಗಿ ಉಳಿದ ಪತ್ರೆ. ಹಣೆಯಲ್ಲಿ ವಿಭೂತಿ, ಅದರ ನಡುವೆ ಕುಂಕುಮ. ಮಣಿಕಟ್ಟಿನಲ್ಲಿ ಹಸಿರು ಬಳೆ.

"ಎಲ್ಲಿ, ಕೊಡು," ಎಂದಳು.

ರಶ್ಮಿ ಪೊಟ್ಟಣ ಕೊಟ್ಟಳು. ಮುದುಕಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚಿದಳು. ಬೆರಳಾಡಿಸಿದಳು. ಬಿಳಿ ಚೂರೊಂದು ಸಿಕ್ಕಿತು. ಬಾಗಿಲಲ್ಲಿ ನಿಂತ ಮಗನ ಕಡೆ ನೋಡದೆ ಹೇಳಿದಳು.

"ಇದು ನಿಮ್ಮಪ್ಪ ಕಣೋ."

ವೃಷಭೇಂದ್ರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಚೌಕಟ್ಟಿನ ಮೇಲೆ ಬಿಳಿ ಕೈಯಚ್ಚು ಮೂಡಿತು.

"ಕಾಶಿ?"

"ಯಾವ ಕಾಶಿ? ದೊರೆ ಬಂಗಲೇಲಿ ಇಬ್ಬರಿಗೂ ಜ್ವರ ಬಂತು. ನಿಮ್ಮಪ್ಪಂಗೂ, ಆ ಬಿಳಿ ಹುಡುಗಂಗೂ. ಕೂಲಿಯೋರೆಲ್ಲ ಹೆದರಿ ಓಡಿದ್ರು. ದೊಡ್ಡ ದೊರೆ ಬೆಂಗಳೂರಲ್ಲಿದ್ದ. ನಾನೊಬ್ಬಳೇ ಇಬ್ಬರಿಗೂ ಗಂಜಿ ಕಾಸಿದೆ. ಅವ ಉಳ್ಕೊಂಡ. ಇವರು ಹೋದ್ರು."

"ಮತ್ತೆ ಯಾಕವ್ವ..."

"ನಿನ್ನ ದೊಡ್ಡಪ್ಪಂದಿರು. ತಮ್ಮ ಸತ್ತ ಅಂದಿದ್ರೆ ಮಾರನೇ ದಿನ ನಮ್ಮಿಬ್ಬರನ್ನೂ ತವರಿಗೆ ಅಟ್ಟಿ ಮನೆ, ಜಮೀನು ಬಾಚ್ಕೊಳ್ಳೋರು. ಊರು ಬಿಟ್ಟು ಹೋಗಿದಾನೆ, ಯಾವತ್ತಾದ್ರೂ ಬರ್ತಾನೆ ಅಂದ್ರೆ ಕೈ ಹಾಕಕ್ಕೆ ಹೆದರ್ತಾರೆ. ಹೆದರಿದ್ರು. ಅವರು ಸಾಯೋ ತನಕ ಹೆದರ್ಕೊಂಡೇ ಇದ್ರು. ನೀನು ಈ ಗಿರಣಿ ಹಾಕಿದ್ದು ಆ ಜಮೀನಿನ ಮೇಲೆ."

ರಶ್ಮಿ ಕೇಳಿದಳು: "ವಿಲಿಯಂಗೆ ಇದ್ರಿಂದ ಏನಾಗಬೇಕಿತ್ತು ಅಜ್ಜಿ?"

"ಅವನಿಗೆ ಸಾಯಬೇಕಿತ್ತು." ಮುದುಕಿ ಅದನ್ನು ಸಂತೆಯಿಂದ ಏನು ತರಬೇಕಿತ್ತು ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. "ಜೀವ ಕಳ್ಕೊಳ್ಳೋದಲ್ಲ. ಹೆಸರು ಸಾಯಬೇಕಿತ್ತು. ಯುದ್ಧಕ್ಕೆ ಬಾ ಅಂತ ಕಾಗದ ಬಂದಿತ್ತು ಅವನಿಗೆ. ಒಂಬತ್ತು ವರ್ಷದೋನಾಗಿದ್ದಾಗಿಂದ ಹಿಂಗೇ ಅಂದ. ಎಲ್ಲೋ ಒಂದು ಕಡೆ ಒಂದು ಕಾಗದ ಹುಟ್ಟತ್ತೆ, ನನ್ನನ್ನ ಹಡಗು ಹತ್ತಿಸ್ತಾರೆ. ಇನ್ನು ಯಾವ ಕಾಗದಕ್ಕೂ ನಾನು ಸಿಗಲ್ಲ ಅಂದ. ಅವನಿಗೊಂದು ಹೆಣ ಬೇಕಿತ್ತು, ನನಗೆ ಬದುಕಿರೋ ಗಂಡ ಬೇಕಿತ್ತು. ಬದಲು ಮಾಡ್ಕೊಂಡ್ವಿ."

ಹೊರಗೆ ಯಾರೋ ಗಿರಣಿಯ ಬಾಗಿಲಲ್ಲಿ ನಿಂತು, ಕರೆಂಟಿಲ್ವಾ ಎಂದು ಕೇಳಿ, ಉತ್ತರ ಸಿಗದೆ ಹೋದರು.

"ಗುಂಡಿ ತೋಡಿದ್ದು ನನ್ನ ಅಣ್ಣ, ಅವನ ಆಳು. ಆ ಬಿಳಿ ಹುಡುಗ ಜ್ವರದಲ್ಲಿ ಎದ್ದು ಬಂದು ಹೇಳಿದ, ನಮ್ಮೋರದ್ದು ಉದ್ದಕ್ಕೆ ತೋಡ್ತಾರೆ ಅಂತ. ನಮ್ಮಣ್ಣ ಕೇಳಲಿಲ್ಲ. ಹೆಸರು ಯಾರದ್ದಾದ್ರೂ ಹಾಕ್ಕೋ, ಭಾವನ್ನ ಮಲಗಿಸಲ್ಲ ಅಂದ. ಆಮೇಲೆ ಕಲ್ಲು ಮಾತ್ರ ಉದ್ದಕ್ಕೆ ಜೋಡಿಸಿದ್ವಿ."

ವೃಷಭೇಂದ್ರಪ್ಪ ನಿಧಾನಕ್ಕೆ ನೆಲದ ಮೇಲೆ ಕುಕ್ಕರಿಸಿದರು. ತಾಯಿಯ ಬಳೆಗಳನ್ನೇ ನೋಡುತ್ತಿದ್ದರು. ಅವಳಿಗೂ ಗೊತ್ತಾಯಿತು.

"ತೆಗೆಯಕ್ಕೆ ಬರಲ್ಲ ಈಗ," ಎಂದಳು. "ಗಂಟು ಊದಿದಾವೆ."

ರಶ್ಮಿಗೆ ಕೇಳಬೇಕಾದದ್ದು ಒಂದೇ ಉಳಿದಿತ್ತು. "ವಿಲಿಯಂ ಆಮೇಲೆ ಎಲ್ಲಿಗೆ ಹೋದ್ರು? ಯಾವಾಗ ತೀರ್ಕೊಂಡ್ರು?"

"ತೀರ್ಕೊಳ್ಳೋದು? ನೆಮ್ಮಾರಲ್ಲಿದ್ದಾನೆ."

"ಈಗ?"

"ಮತ್ತೆ ಇನ್ಯಾವಾಗ? ಕಾಡಂಚಲ್ಲಿ ಗುಡಿಸಲು, ದನಕ್ಕೆ ಔಷಧಿ ಕೊಡ್ತಾನೆ. ಚಂದ್ರಶೇಖರ ಅಂತ ಹೆಸರು, ನಾನೇ ಇಟ್ಟಿದ್ದು. ಮೈ ಬಿಳುಪು ನೋಡಿ ತೊನ್ನು ಹಿಡಿದೋನು ಅಂದ್ಕೊಂಡು ಜನ ದೂರ ಕೂರ್ತಾರೆ. ಒಂದು ಪ್ರಶ್ನೆ ಕೇಳಲ್ಲ. ಅವನಿಗೂ ಅದೇ ಬೇಕು."

ಎಂಬತ್ತಾರು ವರ್ಷದ ವಿಲಿಯಂ. ಶೃಂಗೇರಿ ದಾಟಿ ಒಂದು ಬಸ್ಸಿನ ದೂರದಲ್ಲಿ. ರಶ್ಮಿ ಮಡಿಲಿನ ಪೊಟ್ಟಣ ನೋಡಿದಳು. ಬೆಳಿಗ್ಗೆ ಅಂಟಿಸಿ ಕಳಿಸಿದ್ದರೆ ತಂಗಿ ಎದೆಯ ಮೇಲೆ ಮೇಸ್ತ್ರಿ ರೇಣುಕಪ್ಪನನ್ನು ಇಟ್ಟುಕೊಂಡು ಹೋಗುತ್ತಿದ್ದಳು. ಅಣ್ಣ ನೆಮ್ಮಾರಿನಲ್ಲಿ ಯಾರದೋ ಹಸುವಿಗೆ ಕಷಾಯ ಕುಡಿಸುತ್ತಿದ್ದ.

"ಅಜ್ಜಿ, ಅವರ ತಂಗಿ ಬದುಕಿದ್ದಾಳೆ. ನಾನು ಇವತ್ತೇ ಹೋಗಿ..."

"ಸುಳ್ಳು ಹೇಳಬೇಡ." ವೀರಬಸಮ್ಮನ ದನಿ ಮೊದಲ ಸಲ ಗಡುಸಾಯಿತು. "ಹಡಗು ಹತ್ತೋವಾಗ ಒಂದು ಸಲ ಅಂದಿದ್ರು ಅವನಿಗೆ, ನಿನ್ನ ತಾಯಿ ಸತ್ತಳು, ತಂಗಿ ಸತ್ತಳು ಅಂತ. ಅಷ್ಟಕ್ಕೇ ಅವ ಜೀವಮಾನ ಅತ್ತಿದಾನೆ. ಹೋದ ಗುರುವಾರ ಇಲ್ಲಿಗೆ ಬಂದು ಇದೇ ಜಾಗದಲ್ಲಿ ಕೂತಿದ್ದ. ಯಾರೋ ಅವನ ಗುಡಿಸಲಿಗೆ ಬಂದು ಹೇಳಿದ್ರಂತೆ. ನಿನ್ನ ತಂಗಿ ಇಷ್ಟು ವರ್ಷ ಬದುಕಿದ್ಳು, ನಿನ್ನನ್ನೇ ಹುಡುಕ್ತಿದ್ಳು, ಹೋದ ತಿಂಗಳು ಸತ್ಲು. ಇನ್ನು ಯಾರಾದ್ರೂ ಕೇಳ್ಕೊಂಡು ಬಂದ್ರೆ ನಾನವನಲ್ಲ ಅನ್ನು ಅಂತ."

"ಆಕೆ ಸತ್ತಿಲ್ಲ. ಶನಿವಾರ ನಾನೇ ಮಾತಾಡಿದ್ದೀನಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ಆ ಹಳೆಯ ಕಣ್ಣಿಗೆ ಸುಳ್ಳು ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

"ಹಂಗಾದ್ರೆ ಬಂದೋನು ಯಾರು?"

"ಹೇಗಿದ್ರಂತೆ ನೋಡಕ್ಕೆ?"

"ಅವನ ಕಣ್ಣು ಮಂಜು, ಮುಖ ಕಾಣಲ್ಲ. ದೊಡ್ಡ ಮನುಷ್ಯ, ಮೆತ್ತಗೆ ಮಾತಾಡಿದ ಅಂದ. ನಂಬಲಿ ಅಂತ ಒಂದು ಪಟ ಕೊಟ್ಟು ಹೋಗಿದ್ನಂತೆ. ಅವ ಅದನ್ನ ನನ್ನ ಹತ್ರ ಬಿಟ್ಟು ಹೋದ, ಇಟ್ಕೊಳ್ಳಕ್ಕೆ ಮನಸ್ಸಿಲ್ಲ ಅಂತ. ವೃಷಭಾ, ಆ ಲಿಂಗದ ಪೆಟ್ಟಿಗೆ ಕೆಳಗೆ ನೋಡು."

ವೃಷಭೇಂದ್ರಪ್ಪ ಯಾಂತ್ರಿಕವಾಗಿ ಎದ್ದು ತಂದುಕೊಟ್ಟರು. ಗೋರಿಯ ಫೋಟೋ. ಅದೇ ಕಲ್ಲು, ಅದೇ ಬಿಲ್ವದ ಮರ, ಮೂಲೆಯಲ್ಲಿ ಫೋಟೋ ತೆಗೆದವಳ ಛತ್ರಿಯ ಅದೇ ತುದಿ.

ರಶ್ಮಿ ತಿರುಗಿಸಿದಳು. ಹಸಿರು ಪೆನ್ನಿನಲ್ಲಿ ತನ್ನದೇ ಅಕ್ಷರ. 'ಸರ್ ಪ್ರತಿ'.

ಅಷ್ಟರಲ್ಲಿ ಬ್ಯಾಗಿನೊಳಗೆ ಮೊಬೈಲ್ ರಿಂಗಾಯಿತು. ತೆಗೆದು ಹೆಸರು ನೋಡಿ, ಒಂದು ಉಸಿರು ಬಿಟ್ಟು, ಕಿವಿಗಿಟ್ಟಳು.

"ಎಂತ ಮಾರಾಯ್ತಿ," ದತ್ತಮೂರ್ತಿಯವರ ದನಿ ಎಂದಿನಂತೆ ಮೆತ್ತಗಿತ್ತು. "ಆ ಮಣ್ಣು ಕಳಿಸಿದ್ಯಾ?"

ವೀರಬಸಮ್ಮ ಮಡಿಲಿನ ಪೊಟ್ಟಣವನ್ನು ಸದ್ದಾಗದಂತೆ ಮಡಚುತ್ತಿದ್ದಳು.

"ಕಳಿಸಿದೆ ಸರ್."

"ಒಳ್ಳೇದಾಯ್ತು. ಇನ್ನು ಆ ವಿಷಯ ಬಿಡು. ನಾನು ಕೋರ್ಟಲ್ಲೇ ಇದ್ದೇನೆ, ಬರೋದು ಲೇಟಾಗತ್ತೆ. ಆಫೀಸಿನ ಬೀಗ ನೀನೇ ಹಾಕ್ಕೊಂಡು ಹೋಗು."

ಅವರ ದನಿಯ ಹಿಂದೆ ಇಂಜಿನ್ನಿನ ಗುರುಗುರು ಇತ್ತು. ಅದು ನಿಂತಿತು. ಬಾಗಿಲು ಬಡಿದ ಸದ್ದು, ವಿಷಲ್ಲು, ಮತ್ತೆ ಕಂಡಕ್ಟರನ ಕೂಗು ಸ್ಪಷ್ಟವಾಗಿ ಕೇಳಿತು.

"ನೆಮ್ಮಾರ್! ನೆಮ್ಮಾರ್ ಯಾರ್ರೀ, ಬೇಗ ಇಳೀರಿ!"